ಇಲಿಯ ಗುಲ್ಮದಲ್ಲಿ ಪ್ಲಾಸ್ಮಿಡ್ ಉಳಿಯುತ್ತಿಲ್ಲ: ಸಾಲ್ಮೊನೆಲ್ಲಾ ಲಸಿಕೆ ವಾಹಕದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ): ಸರ್, ಆರೋ-ಎ ಜೀನ್ ತೆಗೆದು ದುರ್ಬಲ ಮಾಡಿದ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ತಳಿಗೆ ನಮ್ಮ ಆ್ಯಂಟಿಜೆನ್ (ಆ್ಯಂಟಿಬಾಡಿ ಹುಟ್ಟಿಸಬೇಕಾದ ಪ್ರೋಟೀನ್) ಜೀನ್ ಮತ್ತು ಆಂಪಿಸಿಲಿನ್ ನಿರೋಧಕ ಜೀನ್ ಇರುವ ಪ್ಲಾಸ್ಮಿಡ್, ಅಂದರೆ ಸಣ್ಣ ಡಿಎನ್‌ಎ ಉಂಗುರ, ಸೇರಿಸಿದ್ದೇವೆ. ಆಂಪಿಸಿಲಿನ್ ಹಾಕಿದ ಫ್ಲಾಸ್ಕಿನಲ್ಲಿ ಬೆಳೆಸಿದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆ ಮಾಡುವ ಪರೀಕ್ಷೆ) ದಪ್ಪ ಪಟ್ಟಿ ಬರುತ್ತೆ. ಇಲಿಗೆ ಬಾಯಿ ಮೂಲಕ ಕೊಟ್ಟು ಏಳನೇ ದಿನ ಗುಲ್ಮ ಅರೆದು ಪ್ಲೇಟ್ ಮಾಡಿದರೆ ಹೆಚ್ಚಿನ ಕಾಲೊನಿಗಳು ಆಂಪಿಸಿಲಿನ್ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ಆ್ಯಂಟಿಬಾಡಿಯೂ ಬಂದಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ (ಲಸಿಕೆ ಸೂಕ್ಷ್ಮಜೀವಿ ತಜ್ಞ): ವಿನ್ಯಾಸದಲ್ಲೇ ತಪ್ಪಿದೆ. ಇಲಿಯ ಹೊಟ್ಟೆಯಲ್ಲಿ ಆಂಪಿಸಿಲಿನ್ ಇಲ್ಲವಲ್ಲ, ಹಾಗಾಗಿ ಪ್ಲಾಸ್ಮಿಡ್ ಬಿಸಾಡಿದ ಬ್ಯಾಕ್ಟೀರಿಯಾ ಹಗುರಾಗಿ ಬೇಗ ಬೆಳೆದು ಉಳಿದವನ್ನು ಹಿಂದಿಕ್ಕುತ್ತೆ. ಫ್ಲಾಸ್ಕನ್ನೂ ಪೂರ್ತಿ ನಂಬಬೇಡಿ. ನಿರೋಧಕ ಜೀನ್ ತಯಾರಿಸುವ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಹೊರಗೆ ಸೋರಿ ಆಂಪಿಸಿಲಿನ್ನನ್ನೇ ಒಡೆದುಹಾಕುತ್ತೆ. ರಾತ್ರಿಯಿಡೀ ಬೆಳೆಸಿದ ಕಲ್ಚರಿನಲ್ಲಿ ಪ್ಲಾಸ್ಮಿಡ್ ಇಲ್ಲದವೂ ಆರಾಮಾಗಿ ಬದುಕಿರುತ್ತವೆ. ನೀವು ಇಲಿಗೆ ಕೊಟ್ಟ ಡೋಸಿನಲ್ಲೇ ಅವು ಸೇರಿರಬಹುದು.

ಪರಿಹಾರಕ್ಕೆ ಪ್ಲಾಸ್ಮಿಡ್ಡನ್ನು ಬ್ಯಾಕ್ಟೀರಿಯಾದ ಪ್ರಾಣಕ್ಕೇ ಕಟ್ಟಬೇಕು. ರಾಯ್ ಕರ್ಟಿಸ್ ಅವರ ತಂಡ 1988ರಲ್ಲಿ ಪ್ರಕಟಿಸಿದ ಎಎಸ್‌ಡಿ ವಿಧಾನ ಇದೇ. ಕ್ರೋಮೋಸೋಮಿನಿಂದ ಎಎಸ್‌ಡಿ ಜೀನ್ ತೆಗೆದರೆ ಬ್ಯಾಕ್ಟೀರಿಯಾಕ್ಕೆ ಡೈಅಮೈನೋಪಿಮೆಲಿಕ್ ಆಮ್ಲ, ಅಂದರೆ ಡಿಎಪಿ, ತಯಾರಿಸಲು ಆಗಲ್ಲ. ಅದಿಲ್ಲದೆ ಕೋಶಭಿತ್ತಿ ಕಟ್ಟಲಾಗದೆ ಬೆಳೆಯುವಾಗಲೇ ಒಡೆದು ಸಾಯುತ್ತೆ. ಪ್ರಾಣಿಗಳ ಅಂಗಾಂಶದಲ್ಲಿ ಡಿಎಪಿ ಇರುವುದಿಲ್ಲ. ಎಎಸ್‌ಡಿ ಜೀನನ್ನು ನಿಮ್ಮ ಆ್ಯಂಟಿಜೆನ್ ಇರುವ ಪ್ಲಾಸ್ಮಿಡ್ಡಿಗೇ ಹಾಕಿ, ಆಂಪಿಸಿಲಿನ್ ಜೀನ್ ಕಿತ್ತುಹಾಕಿ. ಲಸಿಕೆಯ ಜೊತೆ ಆ್ಯಂಟಿಬಯಾಟಿಕ್ ನಿರೋಧಕ ಜೀನ್ ಕರುಳಿಗೆ ಹೋಗುವುದನ್ನು ಯಾವ ನಿಯಂತ್ರಣ ಸಂಸ್ಥೆಯೂ ಮೆಚ್ಚುವುದಿಲ್ಲ, ಆ ತಲೆನೋವೂ ತಪ್ಪುತ್ತೆ.

ಕ್ರೋಮೋಸೋಮಿನ ಎಎಸ್‌ಡಿಯನ್ನು ಪೂರ್ತಿ ತೆಗೆಯಿರಿ. ತುಣುಕು ಉಳಿದರೆ ಪ್ಲಾಸ್ಮಿಡ್ಡಿನ ಪ್ರತಿಯೊಂದಿಗೆ ಮರುಜೋಡಣೆಯಾಗಿ ಒಳ್ಳೆಯ ಜೀನ್ ವಾಪಸ್ ಬಂದು ಕೂರುತ್ತೆ, ಆಮೇಲೆ ಪ್ಲಾಸ್ಮಿಡ್ಡಿನ ಹಂಗೇ ಇರಲ್ಲ. ಸ್ಯಾಕ್-ಬಿ (ಸುಕ್ರೋಸ್ ಇದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಜೀನ್) ಇರುವ ಸೂಯಿಸೈಡ್ ವೆಕ್ಟರಿನಲ್ಲಿ, ಅಂದರೆ ಈ ಬ್ಯಾಕ್ಟೀರಿಯಾದಲ್ಲಿ ತಾನಾಗಿ ಉಳಿಯಲಾಗದ ಪ್ಲಾಸ್ಮಿಡ್ಡಿನಲ್ಲಿ, ಜೀನ್ ತೆಗೆಯುವಾಗ ಉಪ್ಪಿಲ್ಲದ ಎಲ್‌ಬಿ ಅಗರ್, 5ರಿಂದ 10 ಶೇಕಡಾ ಸುಕ್ರೋಸ್, ಜೊತೆಗೆ ಡಿಎಪಿ ಬಳಸಿ. ಡಿಎಪಿ ಮರೆತರೆ ನಿಮಗೆ ಬೇಕಾದ ಕಾಲೊನಿಯೇ ಸತ್ತು, ಬೇಡದ್ದು ಮಾತ್ರ ಬೆಳೆದಿರುತ್ತೆ. ಸುಕ್ರೋಸಿನಲ್ಲಿ ಬೆಳೆದದ್ದೆಲ್ಲ ಸರಿ ಎಂದೂ ಅಲ್ಲ. ಸ್ಯಾಕ್-ಬಿ ಕೆಟ್ಟುಹೋದವೂ ಬೆಳೆಯುತ್ತವೆ. ವೆಕ್ಟರಿನ ಆ್ಯಂಟಿಬಯಾಟಿಕ್ ಪ್ಲೇಟಿನಲ್ಲಿ ಬೆಳೆಯದವನ್ನೇ ಆರಿಸಿ ಪಿಸಿಆರ್ ಮಾಡಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಎಎಸ್‌ಡಿ ಹಾಕಿದ ಮೇಲೆ ಪ್ಲಾಸ್ಮಿಡ್ ನಿಂತಿದೆ ಎಂದು ಹೇಗೆ ತೋರಿಸುವುದು?

ಉತ್ತರ: 50 ತಲೆಮಾರಿನ ಪರೀಕ್ಷೆ ಮಾಡಿ. ಪ್ಲಾಸ್ಮಿಡ್ ಕಳೆದುಕೊಂಡವೂ ಬದುಕಲಿ ಎಂದು ಮಾಧ್ಯಮಕ್ಕೆ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಡಿಎಪಿ ಹಾಕಿ. ದಿನವೂ ಕಲ್ಚರನ್ನು ಸಾವಿರ ಪಟ್ಟು ತೆಳು ಮಾಡಿ ಹೊಸ ಮಾಧ್ಯಮಕ್ಕೆ ಹಾಕಿದರೆ ಒಂದು ದಿನಕ್ಕೆ ಸುಮಾರು 10 ತಲೆಮಾರು, ಐದು ದಿನಕ್ಕೆ 50. ಪ್ರತಿ ದಿನ ಡಿಎಪಿ ಇರುವ ಪ್ಲೇಟಿನಿಂದ 100 ಕಾಲೊನಿಗಳನ್ನು ಟೂತ್‌ಪಿಕ್‌ನಲ್ಲಿ ಎತ್ತಿ ಡಿಎಪಿ ಇರುವ ಮತ್ತು ಇಲ್ಲದ ಪ್ಲೇಟುಗಳಿಗೆ ಮುಟ್ಟಿಸಿ. ಡಿಎಪಿ ಇಲ್ಲದ ಪ್ಲೇಟನ್ನು ಮೊದಲು ಮುಟ್ಟಿಸಬೇಕು, ಇಲ್ಲದಿದ್ದರೆ ಟೂತ್‌ಪಿಕ್ಕಿನ ಜೊತೆ ಡಿಎಪಿಯೂ ಸಾಗುತ್ತೆ.

ಇಷ್ಟಕ್ಕೇ ನಿಲ್ಲಿಸುವವರು ಬಹಳ. ಪ್ಲಾಸ್ಮಿಡ್ ಇದ್ದ ಮಾತ್ರಕ್ಕೆ ಆ್ಯಂಟಿಜೆನ್ ಇದೆ ಎಂದಲ್ಲ. ಎಎಸ್‌ಡಿಯನ್ನು ಇಟ್ಟುಕೊಂಡು ಆ್ಯಂಟಿಜೆನ್ ಜೀನನ್ನು ಮಾತ್ರ ಕೆಡಿಸಿಕೊಂಡ ಬ್ಯಾಕ್ಟೀರಿಯಾಕ್ಕೆ ಲಾಭವೇ ಲಾಭ. ಐದನೇ ದಿನದ ಹತ್ತಾರು ಕಾಲೊನಿಗಳಿಗಾದರೂ ವೆಸ್ಟರ್ನ್ ಬ್ಲಾಟ್ ಮಾಡಿ.

ಅಲ್ಲೂ ಸೋತರೆ ಹೊರೆ ಇಳಿಸಿ. ಕಡಿಮೆ ಪ್ರತಿಗಳ ಪ್ಲಾಸ್ಮಿಡ್ ಬಳಸಿ. ಯಾವಾಗಲೂ ತೆರೆದಿರುವ ಗಟ್ಟಿ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಬಿಟ್ಟು, ಆಮ್ಲಜನಕ ಕಡಿಮೆಯಾದಾಗ ಏಳುವ ನಿರ್-ಬಿಯಂಥದ್ದು ನೋಡಿ. ಟೆಟನಸ್ ಟಾಕ್ಸಿನ್ನಿನ ಸಿ ತುಣುಕನ್ನು ಆರೋ-ಎ ಸಾಲ್ಮೊನೆಲ್ಲಾದಲ್ಲಿ ಹೊರಿಸಿದ ಕೆಲಸದಲ್ಲಿ 1992ರಲ್ಲೇ ಅದು ಟ್ಯಾಕ್ ಪ್ರೊಮೋಟರಿಗಿಂತ ಸ್ಥಿರ ಎಂದು ಕಂಡಿತ್ತು. ಬ್ಲಾಟ್‌ನ ದಪ್ಪ ಪಟ್ಟಿ ನೋಡಿ ಹಿಗ್ಗಬೇಡಿ, ಎಷ್ಟೋ ಸಲ ತೆಳು ಪಟ್ಟಿಯ ತಳಿಯೇ ಇಲಿಯಲ್ಲಿ ಗೆಲ್ಲುತ್ತೆ.

ಪ್ರಶ್ನೆ (ಸಂಶೋಧನಾ ಸಹಾಯಕ): ಸುರಕ್ಷತೆಗೆ ಆರೋ-ಎ ಒಂದೇ ಸಾಕೇ ಸರ್?

ಉತ್ತರ: ಇಲಿಯ ಪ್ರಯೋಗಕ್ಕೆ ಸಾಕು, ಮನುಷ್ಯರಿಗೆ ಸಾಲದು. ಬ್ರೂಸ್ ಸ್ಟಾಕರ್ ಮತ್ತು ಹೊಯ್ಸೆತ್ 1981ರಲ್ಲಿ ತೋರಿಸಿದ ಉಪಾಯ ಇದು. ಆರೋ-ಎ ಇಲ್ಲದ್ದಕ್ಕೆ ಪ್ಯಾರಾ-ಅಮೈನೋಬೆಂಜೋಯಿಕ್ ಆಮ್ಲ ಹೊರಗಿಂದ ಬೇಕು, ನಮ್ಮ ದೇಹದಲ್ಲಿ ಅದು ಸಾಕಷ್ಟು ಸಿಗಲ್ಲ. ಮೇರಿಲ್ಯಾಂಡಿನವರು ಟೈಫಾಯ್ಡ್ ಬ್ಯಾಕ್ಟೀರಿಯಾದಲ್ಲಿ ಆರೋ-ಸಿ, ಆರೋ-ಡಿ ಎರಡನ್ನೂ ತೆಗೆದು ಸಿವಿಡಿ 908 ಮಾಡಿದರು. ಸ್ವಯಂಸೇವಕರಲ್ಲಿ ಲಕ್ಷಣವೇನೂ ಇಲ್ಲದಿದ್ದರೂ ರಕ್ತದಲ್ಲಿ ಲಸಿಕೆ ತಳಿ ಸಿಕ್ಕಿತು. ಎರಡು ಜೀನೂ ಒಂದೇ ಮಾರ್ಗದ್ದು, ಹಾಗಾಗಿ ಅದನ್ನು ಎರಡು ಬೀಗ ಎಂದು ಎಣಿಸುವುದೇ ಕಷ್ಟ. ಸಂಬಂಧವಿಲ್ಲದ ಎಚ್‌ಟಿಆರ್-ಎ ಜೀನನ್ನೂ ತೆಗೆದ ಮೇಲೆ ರಕ್ತದಲ್ಲಿ ಕಾಣುವುದು ನಿಂತಿತು.

ಹಾಗೆಂದು ಜೀನ್ ಮೇಲೆ ಜೀನ್ ಕಿತ್ತರೆ ಲಸಿಕೆ ಕರುಳಿನ ಗೋಡೆ ದಾಟುವ ಮೊದಲೇ ಸಾಯುತ್ತೆ. ಸುರಕ್ಷಿತ ಮಾಡುವುದು ಸುಲಭ, ಕೆಲಸ ಮಾಡುವ ಹಾಗೆ ಉಳಿಸುವುದು ಕಷ್ಟ. ಅದಕ್ಕೇ ತಡವಾಗಿ ದುರ್ಬಲವಾಗುವ ತಳಿಗಳು ಬಂದವು: ರೋಗ ತರುವ ಬಲಕ್ಕೆ ಬೇಕಾದ ಸಿಆರ್‌ಪಿ, ಫರ್ ಥರದ ಜೀನುಗಳನ್ನು ಅರಾಬಿನೋಸ್ ಎಂಬ ಸಕ್ಕರೆ ಇದ್ದರೆ ಮಾತ್ರ ಏಳುವ ಪ್ರೊಮೋಟರಿಗೆ ಕಟ್ಟುತ್ತಾರೆ. ಮಾಧ್ಯಮದಲ್ಲಿ ಅರಾಬಿನೋಸ್ ಇರುವುದರಿಂದ ಗಟ್ಟಿಯಾಗಿ ಬೆಳೆಯುತ್ತೆ, ಅಂಗಾಂಶಕ್ಕೆ ಹೋಗಿ ಕೆಲವು ಸಲ ಇಬ್ಭಾಗವಾಗುವಷ್ಟರಲ್ಲಿ ಪ್ರೋಟೀನ್ ಕರಗಿ ಬಲ ಇಳಿಯುತ್ತೆ. ಅರಾಬಿನೋಸನ್ನು ತಾನೇ ತಿಂದು ಆಮ್ಲ ಮಾಡಿಕೊಳ್ಳದಂತೆ ಅದನ್ನು ಒಡೆಯುವ ಜೀನುಗಳನ್ನೂ ತೆಗೆದಿರಬೇಕು.

ಇನ್ನೊಂದು ಮಾತು. ನೀವು ಬಳಸುವ ಬಾಲ್ಬ್-ಸಿ ತಳಿಯ ಇಲಿಗಳಲ್ಲಿ ಸಾಲ್ಮೊನೆಲ್ಲಾವನ್ನು ತಡೆಯಲು ನೆರವಾಗುವ ಎನ್‌ರಾಂಪ್-1 ಜೀನ್ ಕೆಟ್ಟಿದೆ, ಹಾಗಾಗಿ ಅದು ಅಲ್ಲಿ ಸುಲಭವಾಗಿ ಬೆಳೆಯುತ್ತೆ. ಟೈಫಾಯ್ಡ್ ಬ್ಯಾಕ್ಟೀರಿಯಾ ಸಾಮಾನ್ಯ ಇಲಿಗೆ ಬಾಯಿಯಿಂದ ಅಂಟುವುದೇ ಇಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಎಳೆಯಬೇಡಿ.

ಪ್ರಶ್ನೆ (ಶಿಕ್ಷಕರು): ನಾನು ಈ ಕ್ಷೇತ್ರದವನಲ್ಲ. ಇಂಥ ಜೀವಂತ ಲಸಿಕೆ ದೇಹದೊಳಗೆ ಮತ್ತೆ ರೋಗಾಣುವಾಗಲ್ವಾ?

ಉತ್ತರ: ಒಂದೇ ಅಕ್ಷರದ ಬದಲಾವಣೆಯಿಂದ ದುರ್ಬಲವಾಗಿದ್ದರೆ ಆ ಭಯ ನಿಜ. ಅಂಥ ಬದಲಾವಣೆ ಸುಮಾರು 100 ಕೋಟಿಯಲ್ಲಿ ಒಂದು ಕೋಶದಲ್ಲಿ ವಾಪಸಾಗುತ್ತೆ ಎಂದಿಟ್ಟುಕೊಳ್ಳಿ. ಡೋಸಿನಲ್ಲಿ 200 ಕೋಟಿ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ಆಗಲೇ ಬದಲಾಗಿರುತ್ತವೆ! ಜೀನನ್ನೇ ಪೂರ್ತಿ ಕಿತ್ತರೆ ವಾಪಸ್ ಬರಲು ಅಲ್ಲಿ ಏನೂ ಉಳಿದಿರಲ್ಲ. ಬೇರೆ ಬ್ಯಾಕ್ಟೀರಿಯಾದಿಂದ ಇಡೀ ಜೀನ್ ಎರವಲು ಬರಬಹುದು ಎಂಬ ಕಾರಣಕ್ಕೇ ದೂರ ದೂರದ ಎರಡು ಜಾಗಗಳಲ್ಲಿ ತೆಗೆಯುವುದು.

ದುರ್ಬಲವಾದದ್ದು ಯಾವುದರಿಂದ ಎಂಬ ಊಹೆಯೂ ತಪ್ಪಬಹುದು. ಬಾಯಿಯ ಟೈಫಾಯ್ಡ್ ಲಸಿಕೆ ಟಿವೈ21ಎ ತಳಿಯನ್ನು 1975ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಾಸಾಯನಿಕದಿಂದ ಮಾರ್ಪಡಿಸಿ ಮಾಡಿದರು. ಗ್ಯಾಲ್-ಇ ಜೀನ್ ಕೆಟ್ಟಿರುವುದೇ ಕಾರಣ ಎಂದುಕೊಂಡಿದ್ದರು. ಆಮೇಲೆ ಗ್ಯಾಲ್-ಇ ಮತ್ತು ವಿಐ ಕವಚವನ್ನಷ್ಟೇ ತೆಗೆದ ಹೊಸ ತಳಿ ಸ್ವಯಂಸೇವಕರಲ್ಲಿ ಟೈಫಾಯ್ಡ್ ತಂದಿತು. ಟಿವೈ21ಎಯನ್ನು ಸಾಧುವಾಗಿಸಿದ್ದು ಅದರಲ್ಲಿದ್ದ ಇತರ ಬದಲಾವಣೆಗಳೂ ಸೇರಿ.

ಸೇರ್ಪಡೆ (ವೈದ್ಯೆ): ಟಿವೈ21ಎ ಕ್ಯಾಪ್ಸೂಲಿನ ಬಗ್ಗೆ ಕೇಳುವವರಿಗೆ: ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಊಟಕ್ಕೆ ಒಂದು ಗಂಟೆ ಮೊದಲು, ಅಗಿಯದೆ, ತಣ್ಣಗಿನ ಅಥವಾ ಉಗುರುಬೆಚ್ಚಗಿನ ನೀರಲ್ಲಿ ನುಂಗಬೇಕು. ಬಿಸಿ ಕಾಫಿ ಜೊತೆ ಬೇಡವೇ ಬೇಡ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಲಸಿಕೆಯೇ ಸತ್ತುಹೋಗುತ್ತೆ. ಆ್ಯಂಟಿಬಯಾಟಿಕ್ಕಿನ ಕೊನೆಯ ಮಾತ್ರೆಯ ನಂತರ ಕನಿಷ್ಠ ಮೂರು ದಿನ ಬಿಟ್ಟು ಲಸಿಕೆ ಶುರು ಮಾಡಿ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವುದಿಲ್ಲ.

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ): ನಮ್ಮ ದೇಶದಲ್ಲಿ ಇಂಥದ್ದು ಮನುಷ್ಯರ ಪರೀಕ್ಷೆವರೆಗೆ ಹೋಗಿದೆಯಾ?

ಉತ್ತರ (ತಜ್ಞ): ಹೋಗಿದೆ. ವಿಪಿಎಂ1002 ಎಂಬ ಮಾರ್ಪಡಿಸಿದ ಬಿಸಿಜಿ, ಅಂದರೆ ಕ್ಷಯದ ಲಸಿಕೆ. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿನ್ಯಾಸ, ಮುಂದಕ್ಕೆ ತಂದದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಯೂರಿಯೇಸ್ ಜೀನ್ ತೆಗೆದಿದ್ದಾರೆ, ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಲಿಸ್ಟೀರಿಯೋಲೈಸಿನ್ (ಪೊರೆಗೆ ತೂತು ಕೊರೆಯುವ ಪ್ರೋಟೀನ್) ಸೇರಿಸಿದ್ದಾರೆ. ಆ ಪ್ರೋಟೀನಿಗೆ ಆಮ್ಲೀಯ ವಾತಾವರಣ ಬೇಕು. ಯೂರಿಯೇಸ್ ಇದ್ದರೆ ಅಮೋನಿಯಾ ಹುಟ್ಟಿ ಆಮ್ಲ ತಟಸ್ಥವಾಗುತ್ತೆ, ಅದಕ್ಕೇ ಅದನ್ನು ತೆಗೆದದ್ದು.

ಪ್ರಶ್ನೆ (ವಿದ್ಯಾರ್ಥಿನಿ): ಕೊನೆಯದಾಗಿ, ಹೊಸ ತಳಿಯನ್ನು ಇಲಿಗೆ ಕೊಡುವ ಮೊದಲು ಇನ್ನೇನು ನೋಡಬೇಕು?

ಉತ್ತರ: ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಮತ್ತು ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ. ತಳಿ ಬದಲಾದ ಮೇಲೆ ಹಳೆಯ ಪತ್ರ ನಡೆಯುತ್ತೆ ಎಂದುಕೊಳ್ಳಬೇಡಿ. ಪದೇ ಪದೇ ಸಬ್‌ಕಲ್ಚರ್ ಮಾಡಿದರೆ ಒ-ಆ್ಯಂಟಿಜೆನ್ (ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆ ಸರಪಳಿ) ಕಳೆದುಕೊಂಡು ಒರಟು ತಳಿ ಆಗಿರಬಹುದು. ಒ-ಆ್ಯಂಟಿಜೆನ್ನನ್ನು ಗುರುತಿಸುವ ಒ4 ಸೀರಂನಲ್ಲಿ ಗುಂಪುಗಟ್ಟುತ್ತಾ, ಬರೀ ಸಲೈನಿನಲ್ಲಿ ಗುಂಪುಗಟ್ಟದೆ ಇರುತ್ತಾ ಎಂದು ನೋಡಿ. ಸಲೈನಿನಲ್ಲೇ ಗಟ್ಟಿದರೆ ಆ ಸ್ಟಾಕ್ ಬಿಸಾಡಿ, ಗ್ಲಿಸರಾಲ್ ಸ್ಟಾಕಿನಿಂದ ಹೊಸದಾಗಿ ಶುರು ಮಾಡಿ. ಕೊಟ್ಟ ದಿನವೇ ಡೋಸಿನ ಉಳಿಕೆಯನ್ನು ಡಿಎಪಿ ಇರುವ, ಇಲ್ಲದ ಎರಡೂ ಪ್ಲೇಟಿಗೆ ಹಾಕಿ ಎಣಿಸಿ. ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಹೊರಬರುತ್ತಲೇ ಇರುತ್ತೆ, ಹಾಗಾಗಿ ಪಂಜರದ ಹಾಸನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡದೆ ಹೊರಗೆ ಬಿಡಬೇಡಿ. ಚೀಲ ಗಿಡಿದು ತುಂಬಿದರೆ ಉಗಿ ನಡುವಿಗೆ ತಲುಪಲ್ಲ, ಅರ್ಧವೇ ತುಂಬಿ.