ಡ್ಯುಶೆನ್ ಇರುವ ಮಗನ ಮೂಳೆ: ಡೆಕ್ಸಾ ವರದಿಯೊಂದನ್ನೇ ನಂಬಬಹುದೇ?

ಪ್ರಶ್ನೆ (ಒಬ್ಬ ತಾಯಿ): ಡಾಕ್ಟರಿಗೆ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡ್ಯುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಮೂರು ವರ್ಷಗಳಿಂದ ಡೆಫ್ಲಾಜಕಾರ್ಟ್ ಎಂಬ ಸ್ಟೀರಾಯ್ಡ್ ಕೊಡುತ್ತಿದ್ದೇವೆ, ಮನೆಯೊಳಗೆ ಇನ್ನೂ ನಡೆಯುತ್ತಾನೆ. ಕಳೆದ ತಿಂಗಳ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಝಡ್ ಸ್ಕೋರ್ (ಅದೇ ವಯಸ್ಸಿನ ಮಕ್ಕಳ ಸರಾಸರಿಗೆ ಹೋಲಿಸಿದ ಅಂಕಿ) ಮೈನಸ್ 1.4 ಬಂದಿದ್ದು, ಭಯವಿಲ್ಲ ಎಂದು ಹೇಳಿ ಕಳಿಸಿದರು. ಆದರೆ ಎರಡು ವಾರಗಳಿಂದ, ಸ್ನಾನಕ್ಕೆಂದು ಕಂಕುಳಿಗೆ ಕೈಕೊಟ್ಟು ಎತ್ತುವಾಗ ಉಸಿರು ಬಿಗಿಹಿಡಿದು "ಅಮ್ಮಾ, ಮೆಲ್ಲಗೆ" ಎನ್ನುತ್ತಾನೆ. ಎಲ್ಲಿಯೂ ಬಿದ್ದಿಲ್ಲ. ವರದಿಯನ್ನು ನಂಬಿ ಸುಮ್ಮನಿರಬಹುದೇ?

ಉತ್ತರ (ಮಕ್ಕಳ ಹಾರ್ಮೋನ್ ತಜ್ಞ): ದಯವಿಟ್ಟು ಸುಮ್ಮನಿರಬೇಡಿ, ಅಮ್ಮ. ಈ ವಾರದಲ್ಲೇ ಬೆನ್ನುಮೂಳೆಯನ್ನು ಪಕ್ಕದಿಂದ ತೋರಿಸುವ ಎಕ್ಸ್‌ರೇ ತೆಗೆಸಿ. ಆರೋಗ್ಯವಂತ ಮಗುವಿನ ಬೆನ್ನುಮೂಳೆ ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಜೋಡಿಸಿಟ್ಟ ಡಬ್ಬಿಗಳಂತೆ ಕಾಣುತ್ತದೆ. ಕುಸಿದ ಮಣಿ ಮುಂಭಾಗದಲ್ಲಿ ತಗ್ಗಿ ಬೆಣೆಯಂತಾಗಿರುತ್ತದೆ, ಅಥವಾ ನಡುವೆ ಗುಳಿಬಿದ್ದಿರುತ್ತದೆ. ಮಣಿಯ ಎತ್ತರ ಶೇ. 20ಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಮುರಿತವೆಂದೇ ಎಣಿಸುತ್ತೇವೆ. ದೊಡ್ಡ ಪೆಟ್ಟಿಲ್ಲದೆ ಅಂಥ ಒಂದು ಮಣಿ ಕುಸಿದಿದ್ದರೂ ಸಾಕು, ಡೆಕ್ಸಾ ಅಂಕಿ ಎಷ್ಟೇ ಇರಲಿ, ಆ ಮಗುವಿಗೆ ಆಸ್ಟಿಯೊಪೊರೋಸಿಸ್, ಅಂದರೆ ಸುಲಭವಾಗಿ ಮುರಿಯುವಷ್ಟು ಮೂಳೆ ದುರ್ಬಲವಾಗುವ ಸ್ಥಿತಿ, ಇದೆ ಎಂದರ್ಥ.

ಡೆಕ್ಸಾ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಅದು ಬೇಕೇ ಬೇಕು. ಆದರೆ ಅದು ಮೂಳೆಯ ದಪ್ಪವನ್ನು ಅಳೆಯದೆ ಹರವನ್ನಷ್ಟೇ ಅಳೆಯುವುದರಿಂದ, ಸ್ಟೀರಾಯ್ಡ್‌ನಿಂದ ಎತ್ತರ ಕುಂಠಿತವಾದ ಹುಡುಗನ ಸಣ್ಣ ಮೂಳೆ ಇರುವುದಕ್ಕಿಂತ ದುರ್ಬಲವಾಗಿ ಕಾಣಬಹುದು, ಆದ್ದರಿಂದ ಎತ್ತರಕ್ಕೆ ಹೊಂದಿಸಿದ ಅಂಕಿಯನ್ನು ಕೇಳಿ ಪಡೆಯಿರಿ. ಇದಕ್ಕೆ ತದ್ವಿರುದ್ಧವಾಗಿ, ಕುಸಿದ ಮಣಿಯಲ್ಲಿ ಅಷ್ಟೇ ಖನಿಜ ಕಿರಿದಾದ ಜಾಗದಲ್ಲಿ ಒತ್ತಿಕೊಂಡಿರುವುದರಿಂದ ಅದು ಗಟ್ಟಿಯಾಗಿರುವಂತೆಯೂ ತೋರುತ್ತದೆ. ನನಗೆ ಹೆಚ್ಚು ಆತಂಕ ತರುವುದು ಈ ಎರಡನೆಯದು.

ಪ್ರಶ್ನೆ (ಒಬ್ಬ ತಂದೆ): ನಮ್ಮ ಹುಡುಗನಿಗೆ ಹದಿನಾಲ್ಕು, ಗಾಲಿಕುರ್ಚಿಯಲ್ಲಿದ್ದಾನೆ. ಬೆನ್ನುನೋವು ಇಲ್ಲವೇ ಇಲ್ಲ. ಅವನಿಗೂ ಎಕ್ಸ್‌ರೇ ಬೇಕೇ?

ಉತ್ತರ: ಬೇಕು. ನೋವೇ ಇಲ್ಲದೆ ಮಣಿಗಳು ಕುಸಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಒಂದೆರಡು ವರ್ಷಕ್ಕೊಮ್ಮೆ, ತೆಗೆದುಕೊಳ್ಳದವರಿಗೆ ಎರಡು ಮೂರು ವರ್ಷಕ್ಕೊಮ್ಮೆ ಈ ಎಕ್ಸ್‌ರೇ ಆಗಬೇಕು. ವಿಟಮಿನ್ ಡಿ ಪರೀಕ್ಷೆ ವರ್ಷಕ್ಕೊಮ್ಮೆ. ಕುರ್ಚಿಯ ಬೆಲ್ಟ್ ಕಟ್ಟದೆ ಅವನನ್ನು ಎಲ್ಲಿಗೂ ಕರೆದೊಯ್ಯಬೇಡಿ: ಕುರ್ಚಿಯಿಂದ ಜಾರಿ ಬಿದ್ದರೂ ತೊಡೆಮೂಳೆ ಮುರಿಯುತ್ತದೆ. ಬಿದ್ದ ಮೇಲೆ ಒಂದೆರಡು ದಿನಗಳಲ್ಲಿ ಉಸಿರಾಟ ಕಷ್ಟವಾದರೆ ಅಥವಾ ಮಂಕು ಕವಿದಂತಾದರೆ, ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿರಬಹುದು. ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಿರಿ.

ಪ್ರಶ್ನೆ (ಮೊದಲಿನ ತಾಯಿ): ಎಕ್ಸ್‌ರೇ ಆಯಿತು. ಎರಡು ಮಣಿ ಕುಸಿದಿವೆಯಂತೆ. ಮೂಳೆಯ ಸವೆತ ತಡೆಯುವ ಝೊಲೆಡ್ರಾನಿಕ್ ಆಸಿಡ್ ಡ್ರಿಪ್ ಹಾಕಬೇಕೆಂದಿದ್ದಾರೆ. ಸ್ಟೀರಾಯ್ಡ್‌ನಿಂದಲೇ ಹೀಗಾಗಿದ್ದರೆ ಅದನ್ನು ನಿಲ್ಲಿಸಿಬಿಡಲೇ?

ಉತ್ತರ: ನೀವಾಗಿ ನಿಲ್ಲಿಸಲೇಬೇಡಿ. ಅವನು ಇನ್ನೂ ನಡೆಯುತ್ತಿರುವುದರಲ್ಲಿ ಆ ಔಷಧದ ಪಾಲು ದೊಡ್ಡದು. ಅದನ್ನು ಬಹುಕಾಲ ಪಡೆದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ, ಹಠಾತ್ತನೆ ಬಿಟ್ಟರೆ ಜೀವಕ್ಕೇ ಅಪಾಯ. ಡ್ರಿಪ್ ಹಾಕಿಸುವ ನಿರ್ಧಾರ ಸರಿಯಾಗಿದೆ. ಅದಕ್ಕೆ ಮುಂಚೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಿರಬೇಕು, ಹಲ್ಲಿನ ವೈದ್ಯರು ಒಮ್ಮೆ ನೋಡಿರಬೇಕು. ಸ್ನಾಯು ಕಡಿಮೆಯಿರುವ ಈ ಮಕ್ಕಳಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಯಾವಾಗಲೂ ಕಡಿಮೆಯೇ ಇರುವುದರಿಂದ, ಅದರ ಬದಲು ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸಲು ಹೇಳಿ. ಮೊದಲ ಡ್ರಿಪ್ಪಿನ ನಂತರ ಎರಡು ಮೂರು ದಿನ ಜ್ವರ, ಮೈಕೈನೋವು ಬರುವುದುಂಟು. ಆಗ ದೇಹಕ್ಕೆ ಹೆಚ್ಚು ಸ್ಟೀರಾಯ್ಡ್ ಬೇಕಾಗುವುದರಿಂದ, ಅದರ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಬರೆಸಿಕೊಂಡು ಮನೆಗೆ ಬನ್ನಿ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.