ಮಕ್ಕಳ ಕಣ್ಣು ತಪಾಸಣೆ ಶಿಬಿರ: ಮೆಷಿನ್ ತಗೊಳ್ಳೋದಾ, ಚಾರ್ಟ್ ಸಾಕಾ? ಮಾಡಿದೋರು ಹೇಳಿ

ಹೊಸ ಕಾರ್ಯದರ್ಶಿ: ನಮ್ಮ ಸೇವಾ ಕ್ಲಬ್‌ನಲ್ಲಿ ಈ ವರ್ಷ ನರ್ಸರಿಯಿಂದ ಎರಡನೇ ಕ್ಲಾಸ್‌ವರೆಗಿನ ಮಕ್ಕಳ ಕಣ್ಣು ನೋಡೋ ಕೆಲಸ ಹಿಡಿಯೋಣ ಅಂತಿದೀವಿ. ಹನ್ನೆರಡು ಜನ ವಾಲಂಟಿಯರ್ಸ್, ಯಾರೂ ಮೆಡಿಕಲ್ ಅಲ್ಲ. ಕೈಯಲ್ಲಿ ಹಿಡಿದು ಫೋಟೋ ತೆಗೆದ ಹಾಗೆ ನೋಡೋ ಸ್ಕ್ರೀನರ್ ತಗೊಳ್ಳೋಣ ಅಂತ ಅರ್ಧ ಜನ, ಗೋಡೆ ಚಾರ್ಟೇ ಸಾಕು ಅಂತ ಇನ್ನರ್ಧ. ನೀವೇನು ಮಾಡಿದ್ರಿ?

ಮಾಜಿ ಖಜಾಂಚಿ: ಮೆಷಿನ್ ತರಿಸಿದ್ದು ನಾನೇ, ಬೈಸ್ಕೊಂಡಿದ್ದೂ ನಾನೇ. ಎರಡು ವರ್ಷ ದುಡ್ಡು ಕೂಡಿಸಿದ್ವಿ, ಒಂದು ವರ್ಷ ಪಾರ್ಟಿನೂ ಬಿಟ್ವಿ. ಮೊದಲ ದಿನ ಶಾಲೆಗೆ ಹೋದ್ರೆ ರೂಮ್ ತುಂಬಾ ಬಿಸಿಲು, ಪಾಪೆ ಚಿಕ್ಕದಾಗಿದೆ ಅಂತ ಮೆಷಿನ್ ರೀಡಿಂಗೇ ಕೊಡಲ್ಲ. ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ವಿ, ಜಾರಿ ಬಿತ್ತು, ಆಮೇಲೆ ರಟ್ಟು ಅಂಟಿಸಿದ್ವಿ, ಅದೂ ಆಗ್ದೆ ಸ್ಟೋರ್ ರೂಮ್‌ಗೆ ಹೋದ್ವಿ, ಅಲ್ಲಿ ಕತ್ತಲೆ ನೋಡಿ ನರ್ಸರಿ ಮಕ್ಕಳು ಅಳೋಕೆ ಶುರು, ಒಂದು ಅತ್ರೆ ಸಾಲಿಗೆ ಸಾಲೇ ಅಳುತ್ತೆ. ಮಗುವಿನ ಮುಖದಿಂದ ಸುಮಾರು ಒಂದು ಮೀಟರ್ ದೂರ, ಅದರ ಎತ್ತರಕ್ಕೇ ಹಿಡೀಬೇಕು, ಮಂಡಿಯೂರಿ ಕೂತು ಕೂತು ನನ್ನ ಬಲ ಮಂಡಿ ಇವತ್ತಿಗೂ ಸರಿಯಿಲ್ಲ. ಅಂತೂ ನಾಲ್ಕು ದಿನದಲ್ಲಿ 212 ಮಕ್ಕಳನ್ನ ನೋಡಿ 27 ಮಕ್ಕಳಿಗೆ ಡಾಕ್ಟರ್ ಹತ್ರ ಹೋಗಿ ಅಂತ ಚೀಟಿ ಕೊಟ್ವಿ. ಮೂರು ತಿಂಗಳಾದ್ಮೇಲೆ ವಿಚಾರಿಸಿದ್ರೆ ಹೋಗಿದ್ದು ಎಂಟೇ ಎಂಟು! ಚೀಟಿ ಬ್ಯಾಗ್ ತಳದಲ್ಲೇ ಇತ್ತು ಅಂದ್ರು ಒಬ್ರು, ಐದು ನಂಬರ್ ತಪ್ಪು, ಒಬ್ಬ ಅಪ್ಪ ನನ್ ಮಗನ ಕಣ್ಣಿಗೇನಾಗಿದೆ ಅಂತ ನನಗೇ ರೇಗಿದ್ರು. ಕೂತು ಫೋನ್ ಮಾಡೋಕೆ ಒಬ್ಬನೇ ಒಬ್ಬ ಮೆಂಬರ್ ಬರಲಿಲ್ಲ, ಫೋಟೋ ದಿನ ಬ್ಲೇಜರ್ ಹಾಕ್ಕೊಂಡು ಇಪ್ಪತ್ತು ಜನ.

ಪಟ್ಟಿ ಅಮ್ಮ: ಮೆಷಿನ್ನೋ ಚಾರ್ಟೋ ಅದೆಲ್ಲ ಆಮೇಲೆ. ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಇಂಥದ್ದೇ ಒಂದು ಕ್ಲಬ್ ಶಿಬಿರದಲ್ಲಿ ನೋಡಿದ್ರು. ಅಂಗೈಯಲ್ಲಿ ಕಣ್ಣು ಮುಚ್ಕೋ ಪುಟ್ಟ ಅಂದಿದಾರೆ, ಅವಳು ಬೆರಳ ಸಂದಿಯಿಂದ ನೋಡಿ ಎಲ್ಲಾ ಹೇಳಿದಾಳೆ. ‘ನಾರ್ಮಲ್’ ಅಂತ ಕಾರ್ಡ್ ಕೊಟ್ರು, ಎರಡೂವರೆ ವರ್ಷ ಫ್ರಿಜ್ ಮೇಲಿತ್ತು ಆ ಕಾರ್ಡ್. ಒಂದಿನ ಎಡಗಣ್ಣಿಗೆ ಕಸ ಬಿತ್ತು ಅಂತ ಕಣ್ಣು ಒತ್ತಿ ಹಿಡಿದಿದ್ದಾಗ, ಟೈಮ್ ಎಷ್ಟು ನೋಡು ಅಂದ್ರೆ, ಗಡಿಯಾರ ಎಲ್ಲಿದೆಯಮ್ಮ ಅಂದ್ಳು. ಬಲಗಣ್ಣಿನ ಪವರ್ ಪ್ಲಸ್ 5, ಲೇಜಿ ಐ, ಅಂದ್ರೆ ಆ ಕಣ್ಣಿನ ನೋಟವನ್ನ ಮೆದುಳು ಸರಿಯಾಗಿ ಬಳಸಲ್ಲ. ಮೆಳ್ಳೆಗಣ್ಣೇನೂ ಇಲ್ಲ, ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಮೊದಲು ನಾಲ್ಕು ತಿಂಗಳು ಬರೀ ಕನ್ನಡಕ, ಆಮೇಲೆ ಸೋತ ಕಣ್ಣು ಕೆಲಸ ಮಾಡಲಿ ಅಂತ ಚೆನ್ನಾಗಿರೋ ಕಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ, ಸುಧಾರಣೆ ನಿಂತಾಗ ಆರು ಗಂಟೆ. ಅಂಟು ಕಿತ್ತು ಕಿತ್ತು ಕೆನ್ನೆ ಮೇಲೆ ಚರ್ಮ ಸುಲಿದು ಕೆಂಪು. ಕ್ಲಾಸಲ್ಲಿ ಕಿತ್ತು ಡೆಸ್ಕ್ ಕೆಳಗೆ ಅಂಟಿಸಿ ಬರೋಳು, ಟೀಚರ್ ಎಣಿಸಿ ಹೇಳಿದ್ರು ಹದಿಮೂರು ಅಂತ. ಫ್ರೇಮ್ ಕಡ್ಡಿ ಮೂರು ಸಲ ಮುರೀತು, ನಾನು ಹದಿನಾಲ್ಕು ಅರ್ಧ ದಿನ ರಜೆ ಹಾಕಿದೀನಿ. ಇವತ್ತಿಗೂ ಆ ಕಣ್ಣಲ್ಲಿ ಚಾರ್ಟಿನ ಎರಡು ಸಾಲು ಕಮ್ಮಿನೇ.

ಆಪ್ಟೋಮೆಟ್ರಿಸ್ಟ್: ‘ನಾರ್ಮಲ್’ ಅಂತ ಬರೆಯೋ ಹಕ್ಕು ವಾಲಂಟಿಯರ್‌ಗೆ ಇಲ್ಲವೇ ಇಲ್ಲ. ಮೆಷಿನ್ ಹೇಳೋದೂ ಅನುಮಾನ ಇದೆಯೋ ಇಲ್ವೋ ಅಂತ ಅಷ್ಟೇ, ಪಕ್ಕಾ ಪವರ್ ಬೇಕಂದ್ರೆ ಡ್ರಾಪ್ಸ್ ಹಾಕಿ ನೋಡಬೇಕು, ಯಾಕಂದ್ರೆ ಪ್ಲಸ್ ಪವರ್ ಇರೋ ಮಕ್ಕಳು ಕಣ್ಣಿಗೆ ಬಲ ಕೊಟ್ಟು ಮರೆಮಾಚಿಬಿಡ್ತಾರೆ. ಕಣ್ಣು ಮುಚ್ಚೋಕೆ ಅಂಗೈ ಯಾವತ್ತೂ ಬೇಡ, ಅಂಟು ಪಟ್ಟಿ ಹಾಕಿ. ಅಕ್ಷರ ಬರದ ಮಕ್ಕಳಿಗೆ ಚಿತ್ರ ಹೊಂದಿಸೋ ಕಾರ್ಡ್. ಪಾಪೆಯಲ್ಲಿ ಬಿಳಿ ಹೊಳಪು ಕಂಡ್ರೆ ಚೀಟಿ ಗೀಟಿ ಅಲ್ಲ, ಅವತ್ತೇ ಅಪ್ಪ-ಅಮ್ಮನಿಗೆ ಫೋನ್ ಮಾಡಿ, ಕಣ್ಣಿನ ಕ್ಯಾನ್ಸರ್ ಇರಬಹುದು. ಟೈ ಕಟ್ಟಿದೋರೆಲ್ಲ ಡಾಕ್ಟರ್ ಆದ್ರೆ ಹೀಗೇ ಆಗೋದು. ಅಂದಹಾಗೆ ಮೇಡಂ, ಮಧ್ಯಮ ಮಟ್ಟದ ಲೇಜಿ ಐಗೆ ಎರಡು ಗಂಟೆ ಪಟ್ಟಿ ಆರು ಗಂಟೆಯಷ್ಟೇ ಕೆಲಸ ಮಾಡುತ್ತೆ ಅಂತ ಟ್ರಯಲ್ಸ್‌ನಲ್ಲಿ ಬಂದಿದೆ, ಸುಮ್ನೆ ಮಗೂನ ಗೋಳು ಹಾಕ್ಕೊಂಡ್ರಿ.

ಪಟ್ಟಿ ಅಮ್ಮ: ನನ್ ಮಗಳ ರಿಪೋರ್ಟ್ ನೋಡಿದೀರಾ ನೀವು? ಮಧ್ಯಮ ಅಂತ ನಾನು ಎಲ್ಲಿ ಬರೆದೆ? ಸುಮ್ನೆ ಅಂತೆ.

ಹದಿನೆಂಟು ವರ್ಷದ ಮೆಂಬರ್: ಟೈ ಬಗ್ಗೆ ಮಾತಾಡೋರಿಗೆ, ಹದಿನೆಂಟು ವರ್ಷದಿಂದ ಕ್ಲಬ್‌ನಲ್ಲಿರೋ ನನ್ನದೊಂದು ಮಾತು. 1925ರಲ್ಲಿ ಕಣ್ಣೂ ಕಾಣದ, ಕಿವಿಯೂ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಅಮೆರಿಕದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಸೇವಾ ಕ್ಲಬ್‌ಗಳ ಸಮಾವೇಶಕ್ಕೆ ಬಂದು ಕಣ್ಣಿಲ್ಲದೋರ ಪರ ನಿಲ್ಲಿ ಅಂತ ಕೇಳ್ಕೊಂಡಾಗ ನಿಮ್ಮದು ಯಾವ ಡಿಗ್ರಿ ಅಂತ ಕೇಳಿರಲಿಲ್ಲ. ನಾವು ಇವತ್ತಿಗೂ ಚಾರ್ಟೇ. ಟೇಪ್ ಹಿಡಿದು ದೂರ ಅಳೆದು ಸೀಮೆಸುಣ್ಣದ ಗೆರೆ ಹಾಕ್ತೀವಿ, ಹಿಮ್ಮಡಿ ಗೆರೆ ಮೇಲೇ ಇರಬೇಕು, ಮಕ್ಕಳು ಮುಂದಕ್ಕೆ ಬಾಗಿದ್ರೆ ಮತ್ತೆ ಮೊದಲಿಂದ. ಚೀಟಿ ಕೊಟ್ಟು ಕೈ ತೊಳ್ಕೊಳಲ್ಲ, ಒಂದೊಂದು ಮಗುಗೂ ಒಬ್ಬ ಮೆಂಬರ್, ಡಾಕ್ಟರ್ ಹತ್ರ ಜೊತೇಲಿ ಹೋಗಿ ಕೂತ್ಕೊಂಡು ಬರ್ತಾರೆ. ನಾನೇ ಒಬ್ಬ ಹುಡುಗನ ಜೊತೆ ಆರು ಸಲ ಹೋಗಿದೀನಿ. ಇದರ ಜೊತೆಗೆ ಹಳೇ ಕನ್ನಡಕ ಮೂರು ಪೆಟ್ಟಿಗೆ ಸೇರಿಸಿದೀವಿ, ಬೇಕಾದ ಮಕ್ಕಳಿಗೆ ಕೊಡೋಕೆ.

ಆಪ್ಟೋಮೆಟ್ರಿಸ್ಟ್: ಹಳೇ ಕನ್ನಡಕ ಮಕ್ಕಳಿಗಾ? ಯಾರದೋ ಪವರ್, ಯಾರದೋ ಪಾಪೆ ಅಂತರ, ಮೂಗಿಂದ ಜಾರೋ ಫ್ರೇಮ್. ದಯವಿಟ್ಟು ಬೇಡ ಸಾರ್.

ಹದಿನೆಂಟು ವರ್ಷದ ಮೆಂಬರ್: ಪವರ್ ಅಳೆದು ಹೊಂದೋದನ್ನೇ ಕೊಡೋದು ರೀ, ಕಣ್ಣು ಮುಚ್ಕೊಂಡು ಹಂಚ್ತೀವಾ?

ಆಪ್ಟೋಮೆಟ್ರಿಸ್ಟ್: ಎರಡೂ ಕಣ್ಣಿಗೆ ಹೊಂದೋದು ಸಿಕ್ಕಿದ್ದೆಷ್ಟು, ಅದನ್ನ ಹೇಳಿ.

ಹದಿನೆಂಟು ವರ್ಷದ ಮೆಂಬರ್: ಲೆಕ್ಕ ಕೇಳೋಕೆ ನೀವು ಆಡಿಟರ್ರಾ?

ಮಾಜಿ ಖಜಾಂಚಿ: ಮಗು ಪಕ್ಕ ಕೂತು ಬಂದಿದ್ದು ನಿಜ ಆದ್ರೆ ದೊಡ್ಡ ನಮಸ್ಕಾರ ಸಾರ್, ನಮ್ಮಲ್ಲಿ ಫೋನ್ ಮಾಡೋಕೂ ಜನ ಇಲ್ಲ.

ಹದಿನೆಂಟು ವರ್ಷದ ಮೆಂಬರ್: ನಿಜ ಆದ್ರೆ ಅಂದ್ರೇನ್ರೀ? ನಿಮ್ಮ ಮೆಷಿನ್ ಈಗೆಲ್ಲಿದೆ, ಅದನ್ನ ಹೇಳಿ ಮೊದಲು.

ಮಾಜಿ ಖಜಾಂಚಿ: ಹಿಂದಿನ ಅಧ್ಯಕ್ಷರ ಮನೆ ಬೀರುವಲ್ಲಿ. ಚಾರ್ಜರ್ ಯಾರ ಹತ್ರ ಇದೆ ಅಂತ ಗ್ರೂಪಲ್ಲಿ ಮೂರು ಸಲ ಕೇಳಿದೀನಿ, ಎಲ್ಲಾ ಥಂಬ್ಸ್ ಅಪ್ ಹಾಕಿದಾರೆ.