ಅಪ್ಪನ ಕ್ಯಾಸೆಟ್ಟುಗಳನ್ನು ಸೀಡಿಗೆ ಇಳಿಸಬೇಕು, ಮಾಡಿ ನೋಡಿದವರು ತಿಳಿಸಿ

ಕೇಳಿದವರು, ಬೆಂಗಳೂರು:
ಸಾಗರದ ಹತ್ತಿರ ನಮ್ಮೂರಲ್ಲಿ ಇಡೀ ರಾತ್ರಿ ನಡೆದ ಒಂದು ತಾಳಮದ್ದಲೆಯನ್ನು (ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಅಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. 90 ನಿಮಿಷದ ಆರು ಕ್ಯಾಸೆಟ್. ಅದರಲ್ಲಿ ಅಪ್ಪ ಹೇಳಿದ ಅರ್ಥವೂ, ಅಂದರೆ ಪಾತ್ರವಾಗಿ ಆಡಿದ ಮಾತೂ ಇದೆ. ಅಪ್ಪ ಈಗಿಲ್ಲ. ಅಮ್ಮನಿಗೆ ಮೊಬೈಲ್ ಒಗ್ಗುವುದಿಲ್ಲ, ಹಳೆಯ ಸೀಡಿ ಪ್ಲೇಯರ್ ಇದೆ, ಗುಂಡಿ ಒತ್ತಿದರೆ ಕೇಳಿಸಬೇಕು. ಯುಎಸ್‌ಬಿ ರೈಟರ್ ತಂದು ಎರಡು ಕ್ಯಾಸೆಟ್ ಇಳಿಸಿ ಒಂದು ಸೀಡಿ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕೇಳುತ್ತದೆ, ಅಮ್ಮನ ಪ್ಲೇಯರ್ ಮಾತ್ರ ‘ನೋ ಡಿಸ್ಕ್’ ಎನ್ನುತ್ತಿದೆ. ಜೊತೆಗೆ ಸಣ್ಣ ಗುಂಯ್ ಸದ್ದೂ ಸೇರಿಕೊಂಡಿದೆ. ಎಲ್ಲಿ ತಪ್ಪಿದೆ?

ಪುತ್ತೂರಿನಿಂದ:
ಅಕ್ಕ, ಸೀಡಿ ಹಾಳಾಗಿಲ್ಲ, ಅದರ ಜಾತಿ ಬೇರೆಯಾಗಿದೆ. ಖಾಲಿ ಸೀಡಿ ಹಾಕಿದ ಕೂಡಲೇ ವಿಂಡೋಸ್ ಎರಡು ದಾರಿ ತೋರಿಸುತ್ತದೆ. ಪೆನ್ ಡ್ರೈವಿನ ಹಾಗೆ ಬಳಸುವುದು ಒಂದು, ಪ್ಲೇಯರಿಗಾಗಿ ಮಾಡುವುದು ಇನ್ನೊಂದು. ಮೊದಲನೆಯದನ್ನು ಒತ್ತಿ ಫೈಲು ಎಳೆದು ಹಾಕಿದರೆ ಅದು ಕಂಪ್ಯೂಟರಿಗಷ್ಟೇ ಅರ್ಥವಾಗುತ್ತದೆ. ಎರಡನೆಯದನ್ನು ಒತ್ತಿದರೂ ಎಂಪಿ3 ಫೈಲು ಹಾಗೇ ಹಾಕಿದರೆ ಅದು ಡೇಟಾ ಸೀಡಿ, ಅಂದರೆ ಬರೀ ಫೈಲುಗಳ ಸೀಡಿ. ಅಮ್ಮನ ಪ್ಲೇಯರಿನ ಮುಖದ ಮೇಲೆ ಎಂಪಿ3 ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರ್ನ್ ಮಾಡುವ ಸಾಫ್ಟ್‌ವೇರಿನಲ್ಲಿ ‘ಆಡಿಯೋ ಸೀಡಿ’ ಎಂದೇ ಆರಿಸಬೇಕು. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೂ ಆಗುತ್ತದೆ, ಲಿನಕ್ಸ್ ಇದ್ದರೆ ಕೆ3ಬಿ ಒಳ್ಳೆಯದು.

ಆಡಿಯೋ ಸೀಡಿಯಲ್ಲಿ 80 ನಿಮಿಷ ಮಾತ್ರ ಹಿಡಿಯುತ್ತದೆ. ನಿಮ್ಮದು 90ರ ಕ್ಯಾಸೆಟ್, ಹಾಗಾಗಿ ಒಂದು ಕ್ಯಾಸೆಟ್ ಒಂದು ಸೀಡಿಗೆ ಹೋಗುವುದಿಲ್ಲ. ಒಟ್ಟು 540 ನಿಮಿಷ, ಅಂದರೆ ಏಳು ಸೀಡಿ. ಕ್ಯಾಸೆಟ್ಟಿನ ಸೈಡ್ ಮುಗಿಯುವಲ್ಲಿ ಕತ್ತರಿಸುವ ಬದಲು ಹಾಡುವ ಭಾಗವತರು ಹೊಸ ಪದ್ಯ ಎತ್ತಿಕೊಳ್ಳುವಲ್ಲಿ ಕತ್ತರಿಸಿ. ಒಳಗೂ ಪದ್ಯಕ್ಕೊಂದು ಟ್ರ್ಯಾಕ್ ಮಾಡಿ. ಒಂದು ಸೀಡಿಗೆ 99 ಟ್ರ್ಯಾಕ್ ತನಕ ಅವಕಾಶವಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಅಜ್ಜನಿಗೆ ಮಾಡಿಕೊಟ್ಟದ್ದು 74 ನಿಮಿಷದ ಒಂದೇ ಟ್ರ್ಯಾಕ್. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು. ಅಜ್ಜ ಪ್ರಸಂಗದ ಪೀಠಿಕೆಯನ್ನೇ ಹತ್ತಾರು ಸಲ ಕೇಳಿದರು, ಕೊನೆಯ ಭಾಗ ಅವರಿಗೆ ಸಿಗಲೇ ಇಲ್ಲ. ಆಮೇಲೆ ಮತ್ತೆ ಮಾಡಿಕೊಟ್ಟೆ.

ಟ್ರ್ಯಾಕ್ ಮಾಡಿದಾಗ ನಡುವೆ ಎರಡು ಸೆಕೆಂಡು ಮೌನ ಬರುತ್ತದೆ, ಮದ್ದಲೆಯ ನಡೆ ತುಂಡಾಗುತ್ತದೆ. ಸಾಫ್ಟ್‌ವೇರಿನಲ್ಲಿ ‘ಡಿಸ್ಕ್ ಅಟ್ ಒನ್ಸ್’ (ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವುದು) ಆರಿಸಿ, ಟ್ರ್ಯಾಕುಗಳ ನಡುವಿನ ಗ್ಯಾಪ್ ಸೊನ್ನೆ ಮಾಡಿ. ಡಿಸ್ಕ್ ಒಮ್ಮೆ ಮಾತ್ರ ಬರೆಯುವ ಸೀಡಿ-ಆರ್ ಇರಲಿ. ಅಳಿಸಿ ಬರೆಯುವ ಸೀಡಿ-ಆರ್‌ಡಬ್ಲ್ಯೂ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಹಳೆಯ ಪ್ಲೇಯರುಗಳು ಅದನ್ನು ಓದಲು ಒದ್ದಾಡುತ್ತವೆ. ಬರೆಯುವ ವೇಗ 8 ಅಥವಾ 16 ಸಾಕು. 8ರಲ್ಲಿ ತುಂಬಿದ ಸೀಡಿಗೆ ಸುಮಾರು ಹತ್ತು ನಿಮಿಷ. ರೈಟರನ್ನು ಲ್ಯಾಪ್‌ಟಾಪಿಗೇ ನೇರ ಸಿಕ್ಕಿಸಿ. ಹಬ್‌ನಲ್ಲಿ ಹಾಕಿದರೆ ವಿದ್ಯುತ್ ಸಾಲದೆ ನಡುವೆ ನಿಂತುಹೋಗುತ್ತದೆ, ನನಗೆ ಮೂರು ಸೀಡಿ ಹೀಗೇ ಹೋದವು.

ಶಿರಸಿಯಿಂದ:
ಗುಂಯ್ ಸದ್ದಿನ ಬಗ್ಗೆ ಹೇಳುತ್ತೇನೆ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದುಬಿಡಿ, ಬ್ಯಾಟರಿಯಲ್ಲೇ ನಡೆಸಿ. ನನಗೆ ಅಷ್ಟಕ್ಕೇ ಹೋಯಿತು. ಇನ್ನೊಂದು, ಲ್ಯಾಪ್‌ಟಾಪಿನಲ್ಲಿರುವ ಒಂದೇ ತೂತು ಮೈಕಿನದು, ಟೇಪಿನ ಸದ್ದು ಅದಕ್ಕೆ ಜಾಸ್ತಿಯಾಗಿ ಒಡೆಯುತ್ತದೆ. ಲೈನ್ ಇನ್ (ಟೇಪಿನಂಥ ಜೋರು ಸದ್ದಿಗೆ ತಕ್ಕ ತೂತು) ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಸದ್ದಿನ ಮಟ್ಟ -6 ಡೆಸಿಬೆಲ್‌ನ ಆಸುಪಾಸು ಇರಲಿ, ಚಂಡೆ ಬಿದ್ದಾಗಲೂ ಸೊನ್ನೆ ಮುಟ್ಟಬಾರದು. ಕೊನೆಗೆ 44,100 ಹರ್ಟ್ಜ್, 16 ಬಿಟ್ ವೇವ್ ಫೈಲಾಗಿ ಉಳಿಸಿ.

ಉಳಿದ ನಾಲ್ಕು ಕ್ಯಾಸೆಟ್ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಮಲೆನಾಡಿನ ಮಳೆಗೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಸು ಕಟ್ಟಿರುತ್ತದೆ. ಬೂಸಿದ್ದದ್ದನ್ನು ಹಾಗೇ ಓಡಿಸಿದರೆ ಟೇಪ್ ಓದುವ ಹೆಡ್ಡಿಗೂ ಬೇರೆ ಕ್ಯಾಸೆಟ್ಟಿಗೂ ಹತ್ತುತ್ತದೆ, ಅದನ್ನು ಬೇರೆ ಇಡಿ. ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಈಗಲೇ ಮುರಿದುಬಿಡಿ, ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನ ದನಿ ಅಳಿಯುವುದಿಲ್ಲ.

ಧಾರವಾಡದಿಂದ:
ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ತಂಗಿ. ನಮ್ಮವ್ವನ ಸೋಬಾನ ಪದ ಸೀಡಿಗೆ ಹಾಕಿ, ಮ್ಯಾಲೆ ಬಾಲ್ ಪೆನ್ನಿಲೆ ಒತ್ತಿ ಹೆಸರು ಬರದೆ. ಸೀಡಿಯೊಳಗ ಬೆಳ್ಳಿಹಂಗ ಹೊಳಿಯೂ ಪದರ ಹೆಸರು ಬರಿಯೂ ಕಡೀಗೇ ಇರತೈತಿ, ತೆಳ್ಳನ್ನ ವಾರ್ನಿಶ್ ಒಂದ ಅದಕ್ಕ ಕಾವಲು. ಪೆನ್ನಿನ ಗೆರಿ ಬಿದ್ದಲ್ಲಿ ಪದಾ ಹೋತು. ಕ್ಯಾಸೆಟ್ಟೂ ಅಷ್ಟರಾಗ ಒಗದಿದ್ವಿ. ಈಗ ಅವ್ವನೂ ಇಲ್ಲ, ಎರಡು ಪದಾನೂ ಇಲ್ಲ. ಮೆತ್ತನ್ನ ಮಾರ್ಕರಿಲೆ ಬರೀರಿ, ಸ್ಟಿಕ್ಕರ್ ಹಚ್ಚಬ್ಯಾಡ್ರಿ, ಬಿಸಿಲಿಗೆ ಇಡಬ್ಯಾಡ್ರಿ. ಕ್ಯಾಸೆಟ್ ಅಂತೂ ಒಗೀಲೇಬ್ಯಾಡ್ರಿ.

ಪುತ್ತೂರಿನಿಂದ:
ಧಾರವಾಡದವರ ಮಾತಿಗೆ ಒಂದು ಸೇರಿಸುತ್ತೇನೆ. ಅಮ್ಮನಿಗೆ ಕೊಡುವ ಆಡಿಯೋ ಸೀಡಿ ಕೇಳುವುದಕ್ಕೆ. ಕಾಪಿಡುವುದಕ್ಕೆ ವೇವ್ ಫೈಲುಗಳನ್ನು ಡೇಟಾ ಆಗಿಯೇ ಡಿವಿಡಿಗೆ ಹಾಕಿ. ಡೇಟಾ ಡಿಸ್ಕಿನಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಹೆಚ್ಚು ಗಟ್ಟಿ, ಬರೆದ ಮೇಲೆ ‘ವೆರಿಫೈ’ ಮಾಡಿ ಅಸಲಿನ ಜೊತೆ ತಾಳೆ ನೋಡಲೂಬಹುದು. ಸ್ಟೀರಿಯೋ ಆಗಿ ಉಳಿಸಿದರೆ ಒಂಬತ್ತು ಗಂಟೆಗೆ 5.7 ಜಿಬಿ, 4.7 ಜಿಬಿಯ ಡಿವಿಡಿಗೆ ಹಿಡಿಯದು. ಅಪ್ಪನ ರೆಕಾರ್ಡರಿಗೆ ಒಂದೇ ಮೈಕ್ ಇದ್ದಿರಬೇಕು. ಹಾಗಿದ್ದರೆ ಮೋನೋ ಮಾಡಿ, ಅರ್ಧಕ್ಕಿಳಿದು ಒಂದೇ ಡಿವಿಡಿಯಲ್ಲಿ ಕೂರುತ್ತದೆ. ಎರಡು ಪ್ರತಿ ಮಾಡಿ, ಒಂದು ಊರಲ್ಲಿರಲಿ. ಹಾರ್ಡ್ ಡಿಸ್ಕಿನಲ್ಲೂ ಒಂದಿರಲಿ. ಫೈಲುಗಳಿಗೆ 01, 02 ಎಂದೇ ಹೆಸರಿಡಿ, ಇಲ್ಲದಿದ್ದರೆ ಕೆಲವು ಕಡೆ 1 ಆದಮೇಲೆ 10 ಬಂದು ಪ್ರಸಂಗವೇ ಹಿಂದುಮುಂದಾಗುತ್ತದೆ.

ಕೇಳಿದವರು, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಪೆನ್ ಡ್ರೈವಿನ ಹಾಗೆ ಎನ್ನುವುದನ್ನೇ ನಾನು ಒತ್ತಿದ್ದೆ. ಚಾರ್ಜರ್ ತೆಗೆದು ಮೊದಲ ಕ್ಯಾಸೆಟ್ಟನ್ನು ಮತ್ತೆ ಇಳಿಸಿ, 8ರ ವೇಗದಲ್ಲಿ ಆಡಿಯೋ ಸೀಡಿ ಮಾಡಿಕೊಂಡು ಊರಿಗೆ ಹೋದೆ. ಅಮ್ಮನ ಪ್ಲೇಯರ್ ಒಪ್ಪಿಕೊಂಡಿತು. ಹನ್ನೊಂದನೆಯ ಟ್ರ್ಯಾಕಿನಲ್ಲಿ ಅಪ್ಪ ಅರ್ಥ ನಿಲ್ಲಿಸಿ ಕೆಮ್ಮುತ್ತಾರೆ, ಯಾರೋ ನೀರು ಕೊಡುತ್ತಾರೆ, ಲೋಟ ಇಟ್ಟ ಸದ್ದೂ ಕೇಳುತ್ತದೆ. ಅದನ್ನು ತೆಗೆದುಬಿಡೋಣ ಎಂದಿದ್ದೆ. ಅಮ್ಮ ಬೇಡ ಎಂದರು, ನೀರು ಕೊಟ್ಟವರು ಅವರೇ. ಐದನೆಯ ಕ್ಯಾಸೆಟ್ಟಿನಲ್ಲಿ ಬೂಸು ಕಾಣುತ್ತಿದೆ, ಬೇರೆ ಇಟ್ಟಿದ್ದೇನೆ. ಅದನ್ನು ಮನೆಯಲ್ಲೇ ಶುಚಿ ಮಾಡಿದವರು ಯಾರಾದರೂ ಇದ್ದರೆ ಹೇಳಿ.